ಉತ್ಕರ್ಷಣ ನಿರೋಧಕ ಪ್ರೋಬಯಾಟಿಕ್‌ಗಳು ಮತ್ತು ಕರುಳಿನ ಉರಿಯೂತ

ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕರುಳಿನ ಗೋಡೆಗೆ ಮುತ್ತುವ ಬಿಳಿ ರಕ್ತಕಣಗಳು ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ಹೊರಚೆಲ್ಲುತ್ತವೆ. ರೋಗಾಣುವನ್ನು ಕೊಲ್ಲಲೆಂದು ಇರುವ ಈ ವಸ್ತುಗಳು ಕರುಳಿನ ಒಳಪದರವನ್ನೂ ಸುಡುತ್ತವೆ. ಇವನ್ನು ಅಡಗಿಸಬಲ್ಲ, ಅಂದರೆ ಉತ್ಕರ್ಷಣ ನಿರೋಧಕವಾದ, ಬ್ಯಾಕ್ಟೀರಿಯಾವನ್ನು ಕರುಳಿಗೇ ಕಳಿಸಿದರೆ ಹೇಗೆ ಎಂಬ ಆಲೋಚನೆಯಿಂದ ಈ ಸಂಶೋಧನಾ ಕ್ಷೇತ್ರ ಹುಟ್ಟಿತು.

ಕರುಳಿನ ಕಾಯಿಲೆಗೆ ಬ್ಯಾಕ್ಟೀರಿಯಾವನ್ನೇ ಮದ್ದಾಗಿಸುವ ಯತ್ನ ಇದಕ್ಕಿಂತ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಜರ್ಮನಿಯ ಫ್ರೈಬುರ್ಗ್‌ನ ಆಲ್ಫ್ರೆಡ್ ನಿಸ್ಲೆ ಅವರು ಸಂಗಡಿಗರೆಲ್ಲ ಭೇದಿಯಿಂದ ನರಳುತ್ತಿದ್ದಾಗಲೂ ಆರೋಗ್ಯವಾಗಿದ್ದ ಒಬ್ಬ ಸೈನಿಕನ ಮಲದಿಂದ ಇ. ಕೋಲಿಯ ಒಂದು ತಳಿಯನ್ನು ಬೇರ್ಪಡಿಸಿದರು. ಅದು ಇಂದಿಗೂ ನಿಸ್ಲೆ 1917 ಎಂದೇ ಪ್ರಸಿದ್ಧ.

ಉತ್ಕರ್ಷಣ ನಿರೋಧದ ಎಳೆ ಸೇರಿಕೊಂಡದ್ದು ಬಹಳ ತಡವಾಗಿ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಸೂಪರಾಕ್ಸೈಡನ್ನು ಒಡೆಯುವ ಕಿಣ್ವವನ್ನು ಗುರುತಿಸಿದರು. ಅದೇ ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಹುದುಗಿಸಿದ ಆಹಾರದಲ್ಲಿ ಸಾಮಾನ್ಯವಾದ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನಲ್ಲಿ ಈ ಕಿಣ್ವವಿಲ್ಲ, ಆದರೂ ಅದು ಆಮ್ಲಜನಕಕ್ಕೆ ಅಂಜದೆ ಬೆಳೆಯುತ್ತದೆ. ಇದರ ಗುಟ್ಟನ್ನು 1981ರಲ್ಲಿ ಆರ್ಚಿಬಾಲ್ಡ್ ಮತ್ತು ಫ್ರಿಡೊವಿಚ್ ಬಿಡಿಸಿದರು: ಕಿಣ್ವದ ಕೆಲಸವನ್ನು ಕೋಶದೊಳಗೆ ಕೂಡಿಟ್ಟ ಮ್ಯಾಂಗನೀಸ್ ಮಾಡುತ್ತಿತ್ತು. ಈ ಇತಿಹಾಸದಲ್ಲಿ ಇದಕ್ಕಿಂತ ಸುಂದರವಾದ ಶೋಧ ಇನ್ನೊಂದಿಲ್ಲ. ಮುಂದೆ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಮರಿಕಾ ಮಿಕೆಲ್ಸಾರ್ ಮತ್ತು ಮಿಹ್ಕೆಲ್ ಜಿಲ್ಮರ್, ಆರೋಗ್ಯವಂತ ಮಗುವಿನ ಕರುಳಿನಿಂದ ಸಿಕ್ಕ ಎಂಇ-3 ಎಂಬ ಬ್ಯಾಕ್ಟೀರಿಯಾ ತಳಿಯ ಉತ್ಕರ್ಷಣ ನಿರೋಧಕ ಗುಣವನ್ನು ವಿವರವಾಗಿ ಅಭ್ಯಸಿಸಿದರು.

ಮುಂದಿನ ಹೆಜ್ಜೆ ಜೀನ್ ಕಸಿ. 2007ರಲ್ಲಿ ಫ್ರಾನ್ಸಿನ ಸಂಶೋಧಕರು ಲ್ಯಾಕ್ಟೋಬ್ಯಾಸಿಲಸ್ ಕೇಸಿಗೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವದ ಜೀನ್ ಸೇರಿಸಿ, ಕೊಲೈಟಿಸ್ ಬರಿಸಿದ ಇಲಿಗಳಿಗೆ ಕೊಟ್ಟರು. ಉರಿಯೂತ ತಗ್ಗಿತು. ಆದರೆ ಕಿಣ್ವವಿಲ್ಲದ ಮೂಲ ತಳಿಯೂ ಅಷ್ಟೇ ರಕ್ಷಣೆ ಕೊಟ್ಟಿತ್ತು! ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ತಯಾರಿಸುವ ತಳಿಗಳ ಮೇಲಿನ ಇತರ ಪ್ರಯೋಗಗಳಲ್ಲಿ ಮಾತ್ರ ಕಿಣ್ವದಿಂದಲೇ ಲಾಭ ಕಂಡಿತು. ಒಂದು ಬ್ಯಾಕ್ಟೀರಿಯಾ ಉರಿಯೂತವನ್ನು ತಗ್ಗಿಸಿತೆಂದ ಮಾತ್ರಕ್ಕೆ ಅದಕ್ಕೆ ಉತ್ಕರ್ಷಣ ನಿರೋಧವೇ ಕಾರಣ ಎನ್ನುವಂತಿಲ್ಲ ಎಂಬ ಪಾಠ ಇಲ್ಲಿ ಸಿಕ್ಕಿತು.

ಮನುಷ್ಯರ ಮೇಲಿನ ಪುರಾವೆ ಇನ್ನೂ ಕಿರಿದು, ಅದೂ ಉತ್ಕರ್ಷಣ ನಿರೋಧಕ್ಕಾಗಿ ಆರಿಸಿದ ತಳಿಗಳದ್ದಲ್ಲ. 2004ರಲ್ಲಿ ಪ್ರಕಟವಾದ 327 ರೋಗಿಗಳ ಅಧ್ಯಯನದಲ್ಲಿ, ಶಮನಗೊಂಡ ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸದಂತೆ ತಡೆಯುವುದರಲ್ಲಿ ನಿಸ್ಲೆ 1917 ತಳಿ ಮೆಸಲಜೀನ್ ಔಷಧಕ್ಕೆ ಸಮನಾಗಿ ನಿಂತಿತು. ದೊಡ್ಡ ಕರುಳನ್ನು ತೆಗೆದು ಅದರ ಬದಲಿಗೆ ಕಟ್ಟಿದ ಚೀಲದ ಉರಿಯೂತದ ಬಗ್ಗೆ ಇಟಲಿಯಲ್ಲಿ 40 ರೋಗಿಗಳ ಮೇಲೆ ನಡೆದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಎಂಟು ತಳಿಗಳ ಮಿಶ್ರಣ ಪಡೆದ 20 ಮಂದಿಯಲ್ಲಿ 3 ಜನರಿಗೆ ಕಾಯಿಲೆ ಮರುಕಳಿಸಿದರೆ, ಹುಸಿಮದ್ದು ಪಡೆದ 20 ಮಂದಿಗೂ ಮರುಕಳಿಸಿತು.

ಅಮೆರಿಕದ ಜಠರ-ಕರುಳು ತಜ್ಞರ ಸಂಘದ 2020ರ ಮಾರ್ಗಸೂಚಿ, ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್‌ಗೆ ಪ್ರೋಬಯಾಟಿಕ್‌ಗಳನ್ನು ಸಂಶೋಧನಾ ಪ್ರಯೋಗದ ಚೌಕಟ್ಟಿನಲ್ಲಷ್ಟೇ ಬಳಸಬೇಕೆಂದು ಹೇಳಿದೆ. ಡಬ್ಬಿಯ ಮೇಲೆ ಉತ್ಕರ್ಷಣ ನಿರೋಧಕ ಎಂದು ಬರೆದಿದೆ ಎಂಬ ಕಾರಣಕ್ಕೆ ರೋಗಿಗಳು ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಬಾರದು.