ಸೋಮವಾರಪೇಟೆಯ ‘ಎಸ್’: ಕೊಡಗಿನ ಕಿರಿಯರ ಹಾಕಿ ಚರಿತ್ರೆಯಲ್ಲಿ ಒಂದು ತಪ್ಪು ಓದು

2012ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತದ ಹಾಕಿ ತಂಡದಲ್ಲಿ ‘ಎಸ್’ ಎಂಬ ಇನಿಷಿಯಲ್ ಹೊತ್ತ ಇಬ್ಬರಿದ್ದರು: ಎಸ್.ಕೆ. ಉತ್ತಪ್ಪ ಮತ್ತು ಎಸ್.ವಿ. ಸುನಿಲ್. ಇಬ್ಬರೂ ಕೊಡಗಿನವರೇ. ಉತ್ತಪ್ಪ ಅವರ ‘ಎಸ್’ ಬಿಡಿಸಿದರೆ ಸಣ್ಣುವಂಡ, ಅಂದರೆ ಒಕ್ಕದ (ಕೊಡವ ಮನೆತನದ) ಹೆಸರು. ಸುನಿಲ್ ಅವರದನ್ನು ಬಿಡಿಸಿದರೆ ಸೋಮವಾರಪೇಟೆ, ಅಂದರೆ ಊರಿನ ಹೆಸರು. ಈ ಎರಡು ‘ಎಸ್’ಗಳನ್ನು ಒಂದೇ ಎಂದು ಓದಿದ್ದರಿಂದ ಕೊಡಗಿನ ಹಾಕಿ ಚರಿತ್ರೆ ಎಷ್ಟು ದಾರಿ ತಪ್ಪಿದೆ ಎಂಬುದೇ ಈ ಲೇಖನದ ವಿಷಯ.

ಕೊಡಗು ಭಾರತೀಯ ಹಾಕಿಯ ತೊಟ್ಟಿಲು ಎಂಬ ಮಾತನ್ನು ಪತ್ರಿಕೆಗಳು, ಸ್ಮರಣ ಸಂಚಿಕೆಗಳು, ಭಾಷಣಕಾರರು ಎಲ್ಲರೂ ಹೇಳುತ್ತಾರೆ. ನನಗೂ ಆ ಮಾತಿನ ಮೇಲೆ ಸಿಟ್ಟಿಲ್ಲ. ತೊಟ್ಟಿಲು ತೂಗಿದವರು ಯಾರು ಎಂದು ಕೇಳಿದಾಗ ಬರುವ ಉತ್ತರದ ಮೇಲೆ ಮಾತ್ರ ನನ್ನ ತಕರಾರು. ಒಕ್ಕ ತೂಗಿತು ಎನ್ನುತ್ತಾರೆ. ಅದಕ್ಕೆ ಸಾಕ್ಷಿಯಾಗಿ ಒಲಿಂಪಿಕ್ ಆಟಗಾರರ ಹೆಸರಿನ ಇನಿಷಿಯಲ್‌ಗಳನ್ನೂ ಕೊಡವ ಕುಟುಂಬಗಳ ಹಾಕಿ ಉತ್ಸವದ ತಂಡಗಳ ಸಂಖ್ಯೆಯನ್ನೂ ಮುಂದಿಡುತ್ತಾರೆ. ಎರಡೂ ಸಾಕ್ಷಿಗಳು ನಿಜವೇ. ಓದಿದ ರೀತಿ ಮಾತ್ರ ಸರಿಯಿಲ್ಲ.

ಮೊದಲು ಇನಿಷಿಯಲ್. ಎಂ.ಪಿ. ಗಣೇಶ್ ಎಂದರೆ ಮೊಳ್ಳೇರ ಪೂವಯ್ಯ ಗಣೇಶ್. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು. ಎಂ.ಎಂ. ಸೋಮಯ್ಯ ಎಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ. 1980ರ ಮಾಸ್ಕೋದ ಚಿನ್ನ ಅವರ ಪಾಲಿಗಿದೆ, 1988ರ ಸೋಲ್‌ನಲ್ಲಿ ತಂಡದ ನಾಯಕತ್ವವೂ ಅವರದೇ. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅವರ ‘ಎ’ ಅಂಜಪರವಂಡ. ಇಲ್ಲಿಯವರೆಗೆ ಒಕ್ಕದ ವಾದಕ್ಕೆ ಯಾವ ತೊಂದರೆಯೂ ಇಲ್ಲ. ಕೊನೆಯಲ್ಲಿ ‘ಅಂಡ’ವೋ ‘ಇರ’ವೋ ‘ಏರ’ವೋ ಬಂದರೆ ಕೊಡವ ಒಕ್ಕ ಎಂಬ ಸರಳ ಸೂತ್ರವೂ ಬಹುಮಟ್ಟಿಗೆ ನಡೆಯುತ್ತದೆ.

ತೊಂದರೆ ಶುರುವಾಗುವುದು ಬಿ.ಪಿ. ಗೋವಿಂದ ಅವರಲ್ಲಿ. ಬಿಲ್ಲಿಮೊಗ್ಗ ಪುಟ್ಟಸ್ವಾಮಿ ಗೋವಿಂದ, 1951ರಲ್ಲಿ ಸೋಮವಾರಪೇಟೆಯಲ್ಲಿ ಹುಟ್ಟಿದವರು. ಮ್ಯೂನಿಕ್ ಕಂಚಿನ ತಂಡದಲ್ಲಿ ಗಣೇಶ್ ಜೊತೆಗಿದ್ದವರು, 1975ರಲ್ಲಿ ಭಾರತ ವಿಶ್ವಕಪ್ ಗೆದ್ದಾಗಲೂ ತಂಡದಲ್ಲಿದ್ದವರು. ‘ಬಿಲ್ಲಿಮೊಗ್ಗ’ಕ್ಕೆ ಮೇಲಿನ ಸೂತ್ರ ಹೊಂದುವುದಿಲ್ಲ. ಇನ್ನು ಅರ್ಜುನ್ ಹಾಲಪ್ಪ ಅವರ ಹೆಸರಿನ ಮುಂದೆ ಇನಿಷಿಯಲ್ ಹಾಕುವ ರೂಢಿಯೇ ಇಲ್ಲ, ಆದ್ದರಿಂದ ಸೂತ್ರಕ್ಕೆ ಅಲ್ಲಿ ಕೆಲಸವೂ ಇಲ್ಲ. ಅವರೂ ಸೋಮವಾರಪೇಟೆಯವರೇ. 2001ರಲ್ಲಿ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿ ಜೂನಿಯರ್ ವಿಶ್ವಕಪ್ ತಂದ ಭಾರತ ತಂಡದಲ್ಲಿದ್ದರು. ಆಮೇಲೆ ಸುನಿಲ್. ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್ ಎಂದು ಊರನ್ನೇ ಹೆಸರಿಗೆ ಕಟ್ಟಿಕೊಂಡವರು. ಚಿಕ್ಕಂದಿನಲ್ಲಿ ಬಿದಿರಿನ ಕೋಲಿನಲ್ಲಿ ಆಡಿದ ಹುಡುಗ 2012 ಮತ್ತು 2016, ಎರಡು ಒಲಿಂಪಿಕ್ಸ್ ಆಡಿದರು.

ಗೋವಿಂದ, ಹಾಲಪ್ಪ, ಸುನಿಲ್. ಮೂರು ತಲೆಮಾರು, ಒಂದೇ ಪೇಟೆ. ಉತ್ತರ ಕೊಡಗಿನ ಈ ಸಣ್ಣ ಪೇಟೆ ಒಕ್ಕಗಳ ತವರಾದ ದಕ್ಷಿಣದ ನಾಡುಗಳಿಂದ ದೂರವಿದೆ, ಬೀದಿಯ ಮಾತೂ ಬಹುಪಾಲು ಕನ್ನಡವೇ. ಕೊಡಗಿನ ಹಾಕಿಯ ಭೂಪಟ ಬರೆದವರು ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆಗಳಿಗೆ ದಪ್ಪ ಚುಕ್ಕೆ ಇಟ್ಟು ಸೋಮವಾರಪೇಟೆಯನ್ನು ಅಂಚಿಗೆ ತಳ್ಳಿದ್ದಾರೆ. ಇನಿಷಿಯಲ್ಲನ್ನು ಒಕ್ಕವೆಂದು ಓದುವ ಅಭ್ಯಾಸದಿಂದಲೇ ಇದು ಆಯಿತೆಂಬುದು ನನ್ನ ವಾದ. ಪಟ್ಟಿಯಲ್ಲಿ ‘ಎಸ್’ ಕಂಡ ಕೂಡಲೇ ಯಾವ ಒಕ್ಕವಿರಬಹುದು ಎಂದು ಹುಡುಕುವ ಕಣ್ಣಿಗೆ ಪೇಟೆ ಕಾಣುವುದು ಹೇಗೆ? (‘ಎಲ್ಲರೂ ಕೊಡಗಿನವರೇ ತಾನೆ, ಒಕ್ಕವಾದರೇನು ಪೇಟೆಯಾದರೇನು’ ಎಂದು ಗೆಳೆಯರೊಬ್ಬರು ನನ್ನನ್ನು ಸಮಾಧಾನಪಡಿಸಲು ನೋಡಿದರು. ಊಟದ ಮನೆಯಲ್ಲಿ ಈ ಉತ್ತರ ನಡೆಯುತ್ತದೆ, ಸಂಶೋಧನೆಯಲ್ಲಿ ನಡೆಯದು.)

ಒಕ್ಕದ ಹೆಸರಿರುವವರ ವಿಷಯದಲ್ಲಾದರೂ ವಾದ ನಿಲ್ಲುತ್ತದೆಯೇ? ಗಣೇಶ್ ಅವರನ್ನೇ ನೋಡಿ. 1960ರಿಂದ 1964ರವರೆಗೆ, ಅಂದರೆ ಇಂದಿನ ಲೆಕ್ಕದಲ್ಲಿ ‘ಜೂನಿಯರ್’ ಎನ್ನುವ ವಯಸ್ಸಿನಲ್ಲಿ, ಅವರು ಕೊಡಗು ಜಿಲ್ಲೆಗೆ ಆಡಿದ್ದು ಫುಟ್‌ಬಾಲ್. ಹಾಕಿಯಲ್ಲಿ ಅವರು ಬೆಳೆದದ್ದು ಸೈನ್ಯ ಸೇರಿದ ಮೇಲೆ, 1966ರಿಂದ ಸರ್ವಿಸಸ್ ಪರ ಆಡುತ್ತಾ. ಒಕ್ಕದ ವಾದಿಗಳು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವ ಹೆಸರು ಗಣೇಶ್ ಅವರದು. ಅವರ ಕಿರಿಯ ದಿನಗಳ ಚೆಂಡೇ ಬೇರೆಯಾಗಿತ್ತು. ಇದನ್ನು ಹೇಳಿದರೆ ‘ಕ್ಷಾತ್ರ ರಕ್ತ’ ಎಂಬ ಮಾತು ಬರುತ್ತದೆ, ಬೆನ್ನಿಗೇ ಪರೆಯ ಕಳಿಯೂ ಬರುತ್ತದೆ. ಬೆತ್ತ ಹಿಡಿದು ಎದುರಾಳಿಯ ಮೊಣಕಾಲ ಕೆಳಗೆ ಹೊಡೆಯುವ ಆ ಕಾಳಗದಿಂದ ಹಾಕಿ ಹುಟ್ಟಿತು ಎಂಬ ಊಹೆಗೆ ಕೈಯಲ್ಲಿ ಕೋಲಿದೆ ಎಂಬುದೊಂದೇ ಆಧಾರ. ಪರೆಯ ಕಳಿ ಇಬ್ಬರ ಆಟ, ಹಾಕಿ ಹನ್ನೊಂದು ಮಂದಿಯದು. ಪರೆಯ ಕಳಿಯಲ್ಲಿ ಚೆಂಡೂ ಇಲ್ಲ, ಗೋಲೂ ಇಲ್ಲ. ಎದುರಾಳಿಯ ಕಾಲಿಗೆ ಕೋಲಿನಿಂದ ಹೊಡೆದರೆ ಹಾಕಿಯಲ್ಲಿ ಅಂಪೈರ್ ಸೀಟಿ ಊದುತ್ತಾನೆ. ಇಲ್ಲಿಗೆ ಇದು ಸಾಕು.

ಮಲೆನಾಡಿನ ಹವೆ, ಗುಡ್ಡ, ಕಾಫಿ ಎಂಬ ಇನ್ನೊಂದು ಕಾರಣವನ್ನೂ ಕೆಲವರು ಕೊಡುತ್ತಾರೆ. ಇದಕ್ಕೆ ಉತ್ತರ ಕೊಡಲು ನಾನು ಗ್ರಂಥಾಲಯಕ್ಕೂ ಹೋಗಬೇಕಿಲ್ಲ. ನಾನು ಕೂತಿರುವುದು ಕೊಪ್ಪದ ಬಾಳಗಡಿಯಲ್ಲಿ. ಇಲ್ಲಿಯೂ ಗುಡ್ಡವಿದೆ, ಕಾಫಿಯಿದೆ, ಜೂನ್‌ನಲ್ಲಿ ಹಿಡಿದ ಮಳೆ ಮೈದಾನವನ್ನು ಗದ್ದೆ ಮಾಡುವುದೂ ಇದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹುಡುಗರು ಕಬಡ್ಡಿ ಆಡುತ್ತಾರೆ, ವಾಲಿಬಾಲ್ ಆಡುತ್ತಾರೆ, ಬೇಸಿಗೆಯಲ್ಲಿ ಕಟಾವಾದ ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಾರೆ. ಹಾಕಿ ಸ್ಟಿಕ್ ಇಲ್ಲಿ ಅಪರೂಪದ ವಸ್ತು. ಹವೆಯೇ ಹಾಕಿ ಆಡಿಸುವುದಾದರೆ ನಮ್ಮ ಹುಡುಗರು ಏನು ಪಾಪ ಮಾಡಿದ್ದರು?

ಈಗ ಎರಡನೆಯ ಸಾಕ್ಷಿ, ಉತ್ಸವದ ಅಂಕಿ. ಇದರ ಬಗ್ಗೆ ವಿವರವಾಗಿಯೇ ಬರೆಯಬೇಕು, ಯಾಕೆಂದರೆ ಅಂಕಿಗಳ ಮುಂದೆ ನಮ್ಮ ಇತಿಹಾಸಕಾರರು ತಲೆಬಾಗಿ ನಿಂತುಬಿಡುತ್ತಾರೆ. ಹಾಕಿ ಅಂಪೈರ್ ಕೂಡ ಆಗಿದ್ದ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಕುಟುಂಬ ಹಾಕಿ ಪಂದ್ಯಾವಳಿ ನಡೆಸಿದಾಗ 60 ಒಕ್ಕಗಳ ತಂಡಗಳು ಬಂದವು. 2023ರಲ್ಲಿ ನಾಪೋಕ್ಲುವಿನ ಅಪ್ಪಚೆಟ್ಟೋಳಂಡ ಕಪ್‌ಗೆ 336, 2024ರ ಕುಂಡ್ಯೋಳಂಡ ಕಪ್‌ಗೆ 360, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಆರೂವರೆ ಪಟ್ಟಿಗೂ ಹೆಚ್ಚು ಏರಿಕೆ. 2024ರ ಉತ್ಸವ 4,834 ಆಟಗಾರರೊಂದಿಗೆ ಗಿನ್ನೆಸ್ ದಾಖಲೆಗೂ ಸೇರಿತು. ಈ ಏಣಿಯನ್ನು ತೋರಿಸಿ ಹಾಕಿ ಬೆಳೆದದ್ದು ಹೀಗೆ ಎನ್ನುತ್ತಾರೆ.

ಈ ಏಣಿ ಎಣಿಸುತ್ತಿರುವುದು ಒಕ್ಕಗಳನ್ನು. ಒಂದು ಒಕ್ಕದಿಂದ ಹನ್ನೊಂದು ಮಂದಿ ಬಂದರೂ ಒಂದು, ಐವತ್ತು ಮಂದಿ ಬಂದರೂ ಒಂದು. 4,834ನ್ನು 360ರಿಂದ ಭಾಗಿಸಿದರೆ ತಂಡಕ್ಕೆ ಹದಿಮೂರೂವರೆ ಜನ ಕೂಡ ಇಲ್ಲ. ಮೈದಾನಕ್ಕಿಳಿಯಲು ಹನ್ನೊಂದು ಬೇಕು. ಉಳಿದದ್ದು ಎರಡೂವರೆ. ಒಕ್ಕಗಳು ಆಟಗಾರರಿಂದ ತುಂಬಿ ತುಳುಕುತ್ತಿವೆ ಎಂಬ ಚಿತ್ರಕ್ಕೆ ಈ ಲೆಕ್ಕ ಒಪ್ಪುವುದಿಲ್ಲ. ಹನ್ನೊಂದನ್ನು ಹೇಗೋ ಹೊಂದಿಸಿ ಬಂದ ತಂಡಗಳು ಹೆಚ್ಚು ಎಂದು ಇದು ಹೇಳುತ್ತದೆ. ಹೊಂದಿಸುವಾಗ ಕಾಲೇಜಿಗೆ ಹೋಗುವ ಮಗಳು, ಪೆನ್ಷನ್ ತೆಗೆದುಕೊಳ್ಳುವ ಅಜ್ಜ, ಏಳನೇ ಕ್ಲಾಸಿನ ಮೊಮ್ಮಗ ಎಲ್ಲರೂ ಒಂದೇ ಜರ್ಸಿ ತೊಡುತ್ತಾರೆ. ಉತ್ಸವದ ಸೊಗಸು ಇಲ್ಲಿದೆ. ವಯಸ್ಸು, ಹೆಣ್ಣು, ಗಂಡು ಎಂದು ನೋಡದೆ ಒಂದೇ ತಂಡದಲ್ಲಿ ಆಡಿಸುವ ಇಂಥ ಪಂದ್ಯಾವಳಿಯನ್ನು ನಾನು ಬೇರೆ ಕಡೆ ಕಂಡಿಲ್ಲ. ಕುಟ್ಟಪ್ಪನವರ ಮುಖ್ಯ ಆಸೆಯೂ ಚದುರಿಹೋದ ಒಕ್ಕದವರನ್ನು ಒಂದೆಡೆ ಸೇರಿಸುವುದೇ ಆಗಿತ್ತು. ಅದು ಕೈಗೂಡಿದೆ. ಅವರು ಕೇಳದ ಕಿರೀಟವನ್ನು ಅವರ ತಲೆಗೆ ಕಟ್ಟುವ ಅವಸರ ನಮ್ಮ ಬರಹಗಾರರದು.

ಇನ್ನೂ ಒಂದು ಲೆಕ್ಕವಿದೆ. ಪಂದ್ಯಾವಳಿ ನಾಕೌಟ್. ಪ್ರತಿ ಪಂದ್ಯದಲ್ಲಿ ಒಂದು ತಂಡ ಮನೆಗೆ ಹೋಗುತ್ತದೆ. 360 ತಂಡಗಳಲ್ಲಿ ಒಂದು ಉಳಿಯಲು 359 ಪಂದ್ಯ ಬೇಕು. ಪಂದ್ಯಕ್ಕೆ ಎರಡು ತಂಡದಂತೆ ಹಂಚಿದರೆ ಒಂದೊಂದು ಒಕ್ಕಕ್ಕೆ ಸಿಗುವುದು ಸರಾಸರಿ ಎರಡಕ್ಕೂ ತುಸು ಕಡಿಮೆ. ಕಪ್ ಎತ್ತುವ ಒಕ್ಕ ಎಂಟೋ ಒಂಬತ್ತೋ ಪಂದ್ಯ ಆಡುವುದರಿಂದ ಬಹಳಷ್ಟು ಒಕ್ಕಗಳ ಪಾಲಿಗೆ ಉಳಿಯುವುದು ಒಂದೇ. ನಾಪೋಕ್ಲುವಿನ ಚೆರಿಯಪರಂಬುವಿನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ವರ್ಷಕ್ಕೊಮ್ಮೆ ಒಂದು ಪಂದ್ಯ ಆಡಿ ಒಲಿಂಪಿಕ್ ಆಟಗಾರನಾದ ಎಂದು ನಂಬಲು ನಾನು ಸಿದ್ಧನಿಲ್ಲ. 2018ರ ನಂತರ ನಾಲ್ಕು ವರ್ಷ ಉತ್ಸವವೇ ನಡೆಯಲಿಲ್ಲ. 2018ರಲ್ಲಿ ಹದಿನಾಲ್ಕಾಗಿದ್ದ ಹುಡುಗ 2023ರಲ್ಲಿ ಹತ್ತೊಂಬತ್ತು. ಉತ್ಸವವೇ ತೊಟ್ಟಿಲಾಗಿದ್ದರೆ ಅವನ ಕಿರಿಯ ವಯಸ್ಸೆಲ್ಲ ಬರಿದಾಗಿ ಹೋಗಿರಬೇಕಿತ್ತು. ವಾಸ್ತವದಲ್ಲಿ ಕೂಡಿಗೆಯ ಕ್ರೀಡಾ ಶಾಲೆ, ಮಡಿಕೇರಿ, ಪೊನ್ನಂಪೇಟೆಗಳ ಕ್ರೀಡಾ ವಸತಿ ನಿಲಯ ಇಂಥ ಕಡೆ ಹುಡುಗರು ಬೆಳಿಗ್ಗೆ, ಸಂಜೆ ಸ್ಟಿಕ್ ಹಿಡಿಯುವುದು ಬೇರೆಯೇ ಕತೆ. ಅಲ್ಲಿ ಯಾರನ್ನೂ ಒಕ್ಕ ಕೇಳಿ ಸೇರಿಸಿಕೊಳ್ಳುವುದಿಲ್ಲ.

ಕಾಲದ ಲೆಕ್ಕವೂ ಹೀಗೆಯೇ. ಗಣೇಶ್, ಗೋವಿಂದ, ಸೋಮಯ್ಯ ಎಲ್ಲರೂ ಪದಕ ಗೆದ್ದದ್ದು ಕರಡದ ಮೊದಲ ಸೀಟಿಗಿಂತ ಮುಂಚೆ. ಹಾಲಪ್ಪ ಅವರಿಗೆ ಆಗ ಹದಿನಾರು ವರ್ಷ. ನಾಲ್ಕೇ ವರ್ಷಕ್ಕೆ ಅವರು ಹೋಬಾರ್ಟ್‌ನಲ್ಲಿದ್ದರು. ಸುನಿಲ್ ಅವರಿಗಂತೂ ಆಡಲು ಒಕ್ಕದ ತಂಡವೇ ಇಲ್ಲ. ಉತ್ಸವದಿಂದ ಹಾಕಿಗೆ ಲಾಭವೇ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಮನೆಮನೆಯ ಮೂಲೆಯಲ್ಲಿ ಸ್ಟಿಕ್ ಇರುವಂತೆ ಮಾಡಿದ್ದು, ಹೆಣ್ಣುಮಕ್ಕಳನ್ನು ತುಂಬಿದ ಗ್ಯಾಲರಿಯ ಎದುರು ಮೈದಾನಕ್ಕಿಳಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಫಲವನ್ನು ಬೇರೆಂದು ಕರೆಯಬಾರದು. ಹಾಕಿ ಮೊದಲೇ ಬೇರೂರಿದ್ದರಿಂದ ಈ ಉತ್ಸವ ಹುಟ್ಟಲು ಸಾಧ್ಯವಾಯಿತು. ಅದನ್ನು ಹುಟ್ಟಿಸಿದವರೇ ಅಂಪೈರ್ ಆಗಿದ್ದರು ಎಂಬುದನ್ನು ಮರೆಯಬೇಡಿ.

ಪೇಟೆಯನ್ನು ಮರೆಯದೆ ಕಿರಿಯರ ಹಾಕಿ ಚರಿತ್ರೆ ಬರೆಯುವ ಕಡೆಯೂ ಇದೆ. ಕೆನಡಾದ ಸಣ್ಣ ಪೇಟೆಗಳಲ್ಲಿ ಜೂನಿಯರ್ ಐಸ್ ಹಾಕಿ ತಂಡದ ಚರಿತ್ರೆ ಎಂದರೆ ಊರಿನ ಚರಿತ್ರೆಯೇ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗಾಗಿ 1919ರಲ್ಲಿ ಆರಂಭವಾದ ಮೆಮೋರಿಯಲ್ ಕಪ್ ಅಲ್ಲಿನ ಕಿರಿಯರ ದೊಡ್ಡ ಪ್ರಶಸ್ತಿ. 1957ರಲ್ಲಿ ಅದನ್ನು ಗೆದ್ದದ್ದು ಫ್ಲಿನ್ ಫ್ಲಾನ್ ಎಂಬ ಗಣಿ ಪೇಟೆಯ ಹುಡುಗರು. ತಂಡಕ್ಕೆ ಪೇಟೆಯದೇ ಹೆಸರು, ಕಪ್‌ಗೆ ಸೈನಿಕರ ನೆನಪು. ಇಲ್ಲಿ ಕಪ್‌ಗೆ ನಡೆಸುವ ಒಕ್ಕದ ಹೆಸರು, ನಾಪೋಕ್ಲುವಿನ ಕ್ರೀಡಾಂಗಣಕ್ಕೆ ಜನರಲ್ ತಿಮ್ಮಯ್ಯನವರ ಹೆಸರು. ಸೈನ್ಯದ ನೆನಪು ಎರಡೂ ಕಡೆ ಇದೆ, ಪೇಟೆಯ ಹೆಸರು ಮಾತ್ರ ನಮ್ಮಲ್ಲಿ ಎಲ್ಲೂ ಇಲ್ಲ. ಅದು ಉಳಿದುಕೊಂಡದ್ದು ಒಬ್ಬ ಆಟಗಾರನ ಇನಿಷಿಯಲ್‌ನಲ್ಲಿ, ಅದೂ ಒಂದೇ ಅಕ್ಷರವಾಗಿ.

ಒಕ್ಕಗಳ ದಾಖಲೆ ಚೆನ್ನಾಗಿದೆ. ಪ್ರತಿ ಉತ್ಸವಕ್ಕೂ ಪಟ್ಟಿಯಿದೆ, ಸಂಚಿಕೆಯಿದೆ, ಫೋಟೊಗಳಿವೆ. ಪೇಟೆಯ ಕಡೆಯ ದಾಖಲೆಯನ್ನೂ ಹಾಗೆಯೇ ಕೂಡಿಸಬೇಕಿದೆ. ಸೋಮವಾರಪೇಟೆಯ ಶಾಲೆಗಳ ಹಳೆಯ ಆಟೋಟದ ರಿಜಿಸ್ಟರ್, ತಾಲ್ಲೂಕು ಮಟ್ಟದ ಪಂದ್ಯದ ಸರ್ಟಿಫಿಕೇಟ್, ಡ್ರಿಲ್ ಮಾಸ್ತರರ ಜೊತೆ ಹುಡುಗರು ಸ್ಟಿಕ್ ಅಡ್ಡ ಹಿಡಿದು ಕೂತ ಗುಂಪು ಫೋಟೊ ಯಾರ ಮನೆಯ ಅಟ್ಟದಲ್ಲಿದ್ದರೂ ಈ ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ. ಫೋಟೊದ ಹಿಂದೆ ಹೆಸರು ಬರೆಯುವಾಗ ದಯವಿಟ್ಟು ಇನಿಷಿಯಲ್ಲನ್ನು ಪೂರ್ತಿ ಬಿಡಿಸಿ ಬರೆಯಿರಿ.