ಮುಳ್ಳು ‘ಅರ್ಧ’ ತೋರಿಸುತ್ತದೆ, ಎಂಜಿನ್ ನಿಂತೇ ಹೋಗುತ್ತದೆ: ಪಾಂಟೂನ್ ಬೋಟ್‌ನ ಪೆಟ್ರೋಲ್ ಗೇಜ್, ಟ್ಯಾಂಕ್ ತೊಂದರೆಗೆ ಇಲ್ಲಿದೆ ಪರಿಹಾರ

ಹೊನ್ನಾವರ: ಶರಾವತಿ ಅಳಿವೆಯ ಹತ್ತಿರ ಸಂಜೆಯ ಕೊನೆಯ ಟ್ರಿಪ್. ಬೋಟ್ ತುಂಬ ಪ್ರವಾಸಿಗರು, ಮಕ್ಕಳು. ನೀರು ಇಳಿತದಲ್ಲಿದ್ದು ಸಮುದ್ರದ ಕಡೆಗೇ ಎಳೆಯುತ್ತಿದೆ. ಆಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು ಅಂದ್ರೆ ಬೋಟ್ ನಡೆಸುವವರ ಬಾಯಲ್ಲಿ ಬರುವ ಮೊದಲ ಮಾತು, ‘ಮುಳ್ಳು ಅರ್ಧಕ್ಕೇ ಇತ್ತಲ್ಲ ಮಾರಾಯ್ರೆ’. ಮುಳ್ಳು ಅರ್ಧಕ್ಕೆ ಇದ್ದದ್ದು ನಿಜವೇ ಇರಬಹುದು, ಟ್ಯಾಂಕ್‌ನಲ್ಲಿ ಪೆಟ್ರೋಲ್ ಇತ್ತೇ ಎಂಬುದು ಬೇರೆ ಪ್ರಶ್ನೆ. ಪೆಟ್ರೋಲ್ ಇದ್ದೂ ಎಂಜಿನ್‌ಗೆ ಬಾರದೆ ಇದ್ದಿರಬಹುದು, ಅದು ಮೂರನೆಯ ಸಂಗತಿ. ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡಿದರೆ ಹೆಚ್ಚಿನ ಸಲ ದುರಸ್ತಿಗೆ ಒಂದು ತುಂಡು ವೈರ್ ಅಥವಾ ಒಂದು ಸಣ್ಣ ಪೈಪ್ ಸಾಕಾಗುತ್ತದೆ. ನೋಡದೆ ಹೋದರೆ ಹೊಸ ಗೇಜ್ ತಂದು ಹಾಕಿದರೂ ಕತೆ ಅದೇ.

ಪಾಂಟೂನ್ ಬೋಟ್ ಅಂದ್ರೆ ಎರಡು ಅಥವಾ ಮೂರು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಚಪ್ಪಟೆ ಹಲಗೆ ಕೂರಿಸಿ, ಮೇಲೆ ಸೀಟು ಹಾಕಿದ ಬೋಟ್. ಎಂಜಿನ್ ಹಿಂದುಗಡೆ ನೇತಾಡುವ ಔಟ್‌ಬೋರ್ಡ್. ಟ್ಯಾಂಕ್ ಬಹುತೇಕ ಹಿಂದಿನ ಸೀಟಿನ ಕೆಳಗೆ ಇರುತ್ತದೆ, ಆಳ ಕಡಿಮೆ, ಅಗಲ ಜಾಸ್ತಿ. ಇಂಥ ಟ್ಯಾಂಕ್‌ನಲ್ಲಿ ಬೋಟ್ ಸ್ವಲ್ಪ ವಾಲಿದರೂ ಪೆಟ್ರೋಲ್ ಒಂದು ಮೂಲೆಗೆ ಓಡುತ್ತದೆ. ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ಬಂದರೆ ಮುಳ್ಳು ಏರುತ್ತದೆ, ಇಲ್ಲವೇ ಇಳಿಯುತ್ತದೆ. ಹಾಗಾಗಿ ಗೇಜ್ ನೋಡುವುದಿದ್ದರೆ ಬೋಟ್ ಜಟ್ಟಿಯಲ್ಲಿ ಸಮವಾಗಿ ನಿಂತಿರುವಾಗಲೇ ನೋಡಬೇಕು. ಓಡುವಾಗ ಕಾಣುವುದು ಅಂದಾಜು ಮಾತ್ರ.

ಗೇಜ್ ಕೆಲಸ ಮಾಡುವ ರೀತಿ ಸರಳ. ಟ್ಯಾಂಕ್ ಒಳಗೆ ಇರುವ ಸೆಂಡರ್‌ಗೆ ಒಂದು ತೇಲುವ ಬೆಂಡು ಇದೆ. ಬೆಂಡು ಏರಿಳಿದ ಹಾಗೆ ಸೆಂಡರ್‌ನ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನೇ ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುತ್ತದೆ. ಅಮೆರಿಕನ್ ಮಾದರಿಯಲ್ಲಿ ಖಾಲಿ ಟ್ಯಾಂಕ್‌ಗೆ 240 ಓಮ್, ತುಂಬಿದ ಟ್ಯಾಂಕ್‌ಗೆ 33 ಓಮ್, ಅರ್ಧಕ್ಕೆ ಸುಮಾರು 100. ಯುರೋಪಿಯನ್ ಮಾದರಿ ಇದಕ್ಕೆ ತಿರುಗುಮುರುಗು: ಖಾಲಿಗೆ 10, ತುಂಬಿದರೆ 180. ಗೇಜ್ ಒಂದು ಮಾದರಿಯದು, ಸೆಂಡರ್ ಇನ್ನೊಂದು ಮಾದರಿಯದು ಹಾಕಿದರೆ ಟ್ಯಾಂಕ್ ತುಂಬಿಸಿದಾಗ ಮುಳ್ಳು ಖಾಲಿಗೆ ಹೋಗುತ್ತದೆ. ಹಳೇ ಕಾರಿನ ಗೇಜ್ ತಂದು ಕೂರಿಸಿದ ಬೋಟ್‌ಗಳಲ್ಲೂ ಇದೇ ಕಿರಿಕಿರಿ. ಬಿಡಿಭಾಗದ ಅಂಗಡಿಯವರು ಮಾರುವ ಮೊದಲು ‘ಎಷ್ಟು ಓಮ್‌ದು ಬೇಕು’ ಎಂದು ಒಂದು ಮಾತು ಕೇಳಿದರೆ ಗಿರಾಕಿ ವಾಪಸ್ ಬರುವುದು ತಪ್ಪುತ್ತದೆ.

ಇನ್ನು ಪರೀಕ್ಷೆ. ಇದಕ್ಕೆ ಬೇಕಾದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಮಲ್ಟಿಮೀಟರ್ ಮತ್ತು ಒಂದು ಗೇಣು ವೈರ್. ಗೇಜ್‌ನ ಹಿಂಭಾಗದಲ್ಲಿ ಸಾಮಾನ್ಯವಾಗಿ ಮೂರು ತುದಿ ಇರುತ್ತವೆ: ‘ಐ’ ಎಂದರೆ ಕೀ ಆನ್ ಮಾಡಿದಾಗ ಬರುವ 12 ವೋಲ್ಟ್, ‘ಜಿ’ ಎಂದರೆ ಅರ್ತ್, ‘ಎಸ್’ ಎಂದರೆ ಸೆಂಡರ್‌ನಿಂದ ಬಂದ ವೈರ್. ಸೆಂಡರ್ ವೈರ್ ಬಹಳ ಬೋಟ್‌ಗಳಲ್ಲಿ ಗುಲಾಬಿ ಬಣ್ಣದ್ದು. ಮೊದಲು ‘ಐ’ ಮತ್ತು ‘ಜಿ’ ನಡುವೆ 12 ವೋಲ್ಟ್ ಇದೆಯೇ ನೋಡಬೇಕು. ಇಲ್ಲದಿದ್ದರೆ ಫ್ಯೂಸ್ ಹೋಗಿದೆ ಅಥವಾ ವೈರ್ ಸಡಿಲವಾಗಿದೆ. ಕರೆಂಟ್ ಇದ್ದರೆ ‘ಎಸ್’ ವೈರ್ ಬಿಚ್ಚಬೇಕು. 240-33 ಮಾದರಿಯಾದರೆ ಮುಳ್ಳು ಖಾಲಿಗೆ ಬೀಳಬೇಕು. ಆಮೇಲೆ ತುಂಡು ವೈರ್‌ನಿಂದ ‘ಎಸ್’ ಮತ್ತು ‘ಜಿ’ ಸೇರಿಸಿದರೆ ಮುಳ್ಳು ಪೂರ್ತಿ ಏರಬೇಕು. ಹೀಗಾದರೆ ಗೇಜ್ ಸರಿಯಿದೆ, ಅದಕ್ಕೆ ದುಡ್ಡು ಹಾಕುವುದು ದಂಡ.

ಮುಂದಿನದು ಬಿಚ್ಚಿದ ಗುಲಾಬಿ ವೈರ್ ಮತ್ತು ಅರ್ತ್ ನಡುವೆ ಓಮ್ ಅಳೆಯುವುದು. ಇದನ್ನೂ ಡ್ಯಾಶ್‌ಬೋರ್ಡ್ ಬಳಿಯೇ ಮಾಡಬೇಕು, ಟ್ಯಾಂಕ್ ಹತ್ತಿರ ಕಿಡಿ ಹಾರುವ ಕೆಲಸ ಬೇಡವೇ ಬೇಡ. ಮೀಟರ್ 33ರಿಂದ 240ರ ಒಳಗೆ, ಟ್ಯಾಂಕ್‌ನಲ್ಲಿ ಇರುವ ಪೆಟ್ರೋಲ್‌ಗೆ ಹೊಂದುವ ಅಂಕಿ ಕೊಟ್ಟರೆ ಎಲ್ಲ ಸರಿ. ಏನೂ ತೋರಿಸದಿದ್ದರೆ ವೈರ್ ತುಂಡಾಗಿದೆ, ಇಲ್ಲವೇ ಸೆಂಡರ್‌ನ ಅರ್ತ್ ಹಸಿರು ಕಿಲುಬು ಹಿಡಿದಿದೆ. ಕರಾವಳಿಯ ಉಪ್ಪು ಗಾಳಿಗೆ ಮೊದಲು ಬಲಿಯಾಗುವುದೇ ಈ ಅರ್ತ್. ಅದನ್ನು ಅಲ್ಯೂಮಿನಿಯಂ ಮೈಗೆ ಸಿಕ್ಕಿಸದೆ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಒಯ್ಯಬೇಕು.

ಮೀಟರ್ ಸೊನ್ನೆಯ ಹತ್ತಿರ ತೋರಿಸಿದರೆ ಗುಲಾಬಿ ವೈರ್‌ನ ಸಿಪ್ಪೆ ಎಲ್ಲೋ ಉಜ್ಜಿ ಹೋಗಿ ಅರ್ತ್‌ಗೆ ತಾಗುತ್ತಿದೆ. ಈ ತೊಂದರೆಗೆ ಒಂದು ದಿನವೂ ಕಾಯಬಾರದು. ತಂತಿ ತುಂಡಾದರೆ ಮುಳ್ಳು ಖಾಲಿ ತೋರಿಸುತ್ತದೆ, ಬೋಟ್‌ನವರು ಹೆದರಿ ಪೆಟ್ರೋಲ್ ಹಾಕಿಸುತ್ತಾರೆ. ತಂತಿ ಅರ್ತ್‌ಗೆ ತಾಗಿದರೆ ಮುಳ್ಳು ಸದಾ ‘ತುಂಬಿದೆ’ ಅನ್ನುತ್ತದೆ, ಅಳಿವೆಯ ನಡುವೆ ಕೈಕೊಡುವ ಗೇಜ್ ಇದೇ.

ಒಂದೇ ಕಡೆ ಮುಳ್ಳು ಅಂಟಿಕೊಂಡಿದ್ದರೆ ಸೆಂಡರ್ ಬಿಚ್ಚಿ ನೋಡುವುದು ಅನಿವಾರ್ಯ. ಬ್ಯಾಟರಿ ಕಳಚಿ, ಸೀಟಿನ ಡಬ್ಬಿ ತೆರೆದಿಟ್ಟು, ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲಷ್ಟೇ ಕೈ ಹಾಕಬೇಕು. ಬೆಂಡು ಪೆಟ್ರೋಲ್ ಕುಡಿದು ಭಾರವಾಗಿದ್ದರೆ ತೇಲುವುದಿಲ್ಲ, ಟ್ಯಾಂಕ್ ತುಂಬಿದ್ದರೂ ಖಾಲಿ ತೋರಿಸುತ್ತದೆ. ಹೊಸ ಸೆಂಡರ್ ತರುವಾಗ ಟ್ಯಾಂಕ್‌ನ ಆಳ ಅಳೆದುಕೊಂಡು ಹೋಗಬೇಕು. ಐದು ಸ್ಕ್ರೂಗಳ ತೂತುಗಳು ಸಮ ಅಂತರದಲ್ಲಿ ಇರುವುದಿಲ್ಲ, ಒಂದೇ ರೀತಿಯಲ್ಲಿ ಕೂರುತ್ತವೆ. ಕೂರದಿದ್ದರೆ ಹೊಸ ತೂತು ಕೊರೆಯದೆ ತಿರುಗಿಸಿ ನೋಡಬೇಕು.

ಪೆಟ್ರೋಲ್ ಹಾಕುವಾಗಿನ ಗೋಳು ಬೇರೆಯದೇ. ನಾಝಲ್ ಹಿಡಿದು ಅರ್ಧ ಲೀಟರ್ ಹೋಗುವಷ್ಟರಲ್ಲಿ ‘ಟಕ್’ ಎಂದು ಬಂದ್ ಆಗುತ್ತದೆ, ಇಲ್ಲವೇ ಬಾಯಿಯಿಂದ ಪೆಟ್ರೋಲ್ ಉಕ್ಕುತ್ತದೆ. ತಪ್ಪು ಪಂಪಿನದಲ್ಲ. ನಾಝಲ್ ತುದಿಯಲ್ಲಿ ಒಂದು ಸಣ್ಣ ತೂತಿದೆ, ಪೆಟ್ರೋಲ್ ಅದನ್ನು ಮುಚ್ಚಿದ ಕ್ಷಣ ಪಂಪ್ ನಿಲ್ಲುತ್ತದೆ. ಟ್ಯಾಂಕ್ ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ಪೆಟ್ರೋಲ್ ಕೆಳಗಿಳಿಯದೆ ಪೈಪಿನಲ್ಲೇ ನಿಂತು ಆ ತೂತಿಗೆ ಬರುತ್ತದೆ. ಅಂದರೆ ನೋಡಬೇಕಾದ್ದು ಗಾಳಿ ಪೈಪ್.

ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ಬೋಟ್‌ನ ಗಾಳಿ ಪೈಪಿನ ಬಾಯಿಗೆ ಮಣ್ಣಿನ ಗೂಡು ಕಟ್ಟುವ ಕಣಜ ಬಂದು ಸಂಸಾರ ಹೂಡಿರುತ್ತದೆ. ಜೇಡರ ಬಲೆಯೂ ಸಾಕು. ಬಾಯಿಯಲ್ಲಿ ಎಳೆಯುವ ಹುಚ್ಚು ಬೇಡ. ಪೈಪನ್ನು ಎರಡೂ ತುದಿ ಬಿಚ್ಚಿ ಹೊರಗೆ ತೆಗೆದು ಗಾಳಿ ಹಾಯಿಸಬೇಕು. ಪೈಪ್ ಟ್ಯಾಂಕ್‌ನಿಂದ ಹೊರಬಾಯಿಯ ತನಕ ಏರುತ್ತಲೇ ಹೋಗಬೇಕು. ಮಧ್ಯೆ ಜೋತು ಬಿದ್ದರೆ ಅಲ್ಲಿ ಪೆಟ್ರೋಲ್ ನಿಂತು, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತ ಹಾಗೆ ಗಾಳಿಯನ್ನು ತಡೆಯುತ್ತದೆ. ಗಾಳಿ ಪೈಪ್ ಸಾಮಾನ್ಯವಾಗಿ 16 ಮಿ.ಮೀ., ಪೆಟ್ರೋಲ್ ಹಾಕುವ ಪೈಪ್ 38 ಮಿ.ಮೀ. ಬದಲಿಸುವಾಗ ತೋಟದ ನೀರಿನ ಪೈಪ್ ಹಾಕಬಾರದು. ‘ಐಎಸ್‌ಒ 7840’ ಎಂದು ಅಚ್ಚಾದ, ಬೋಟ್ ಇಂಧನಕ್ಕೆಂದೇ ಮಾಡಿದ ಪೈಪ್ ಸಿಗುತ್ತದೆ.

ಇದೇ ಮುಚ್ಚಿದ ಗಾಳಿ ಪೈಪ್ ಎಂಜಿನ್‌ನನ್ನೂ ನಿಲ್ಲಿಸುತ್ತದೆ. ಪೆಟ್ರೋಲ್ ಖರ್ಚಾದ ಜಾಗಕ್ಕೆ ಗಾಳಿ ಬರದೆ ಟ್ಯಾಂಕ್ ಒಳಗೆ ಎಳೆತ ಹುಟ್ಟಿ, ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಎಂಜಿನ್ ಸೊರಗುತ್ತದೆ. ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್ ಚಪ್ಪಟೆಯಾಗಿ ಕುಗ್ಗಿದ್ದರೆ ಅನುಮಾನ ಗಟ್ಟಿ. ಟ್ಯಾಂಕ್‌ನ ಮುಚ್ಚಳ ಸ್ವಲ್ಪ ಸಡಿಲಿಸಿದಾಗ ‘ಉಸ್’ ಎಂದು ಗಾಳಿ ಒಳಗೆ ಹೋಗಿ ಎಂಜಿನ್ ಚೇತರಿಸಿಕೊಂಡರೆ ಗಾಳಿ ಪೈಪೇ ಕಾರಣ. ಸಡಿಲಿಸಿಯೂ ಬಲ್ಬ್ ಕುಗ್ಗುತ್ತಿದ್ದರೆ ಟ್ಯಾಂಕ್ ಮತ್ತು ಬಲ್ಬ್ ನಡುವೆ ಎಲ್ಲೋ ಕಟ್ಟಿದೆ. ಎತ್ತಿಡುವ ಕೆಂಪು ಟ್ಯಾಂಕ್ ಬಳಸುವವರು ಮೊದಲು ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯೇ ನೋಡಲಿ, ಅರ್ಧ ಜನರ ತಲೆಬಿಸಿ ಅಲ್ಲೇ ಮುಗಿಯುತ್ತದೆ.

ಈಗ ಬಂಕ್‌ನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕಿಳಿಯುತ್ತವೆ. ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ. ಅದರ ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗುವುದಿಲ್ಲ, ಪೂರ್ತಿ ಹೊರಗೆ ತೆಗೆಯಲೇಬೇಕು. ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ದರೆ ಮಳೆ ನೀರು ಒಳಗೆ ಹೋಗುವ ದಾರಿ ಅದು. ನೀರು ಬೇರ್ಪಡಿಸುವ ಫಿಲ್ಟರ್ ಒಂದು ಹಾಕಿಸಿಕೊಳ್ಳುವುದು ಒಳ್ಳೆಯದು.

ಪೆಟ್ರೋಲ್ ಹಾಕುವ ಮೊದಲು ಪ್ರಯಾಣಿಕರನ್ನೆಲ್ಲ ಇಳಿಸಿ, ಎಂಜಿನ್ ಮತ್ತು ಮೇನ್ ಸ್ವಿಚ್ ಆರಿಸಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸೀಟಿನ ಡಬ್ಬಿಯಲ್ಲಿ ಕೂತುಬಿಡುತ್ತದೆ. ಹಾಕಿದ ಮೇಲೆ ಡಬ್ಬಿ ತೆರೆದು ಐದು ನಿಮಿಷ ಬಿಟ್ಟು, ಮೂಸಿ ನೋಡಿಯೇ ಸ್ಟಾರ್ಟ್ ಮಾಡುವುದು. ಎತ್ತಿಡುವ ಟ್ಯಾಂಕ್ ಆದರೆ ಬೋಟ್‌ನಿಂದ ಇಳಿಸಿ ನೆಲದ ಮೇಲಿಟ್ಟು, ನಾಝಲ್ ಬಾಯಿಗೆ ತಾಗಿಸಿಯೇ ತುಂಬಬೇಕು. ಕಂಠಪೂರ್ತಿ ಬೇಡ, ಬಿಸಿಲಿಗೆ ಹಿಗ್ಗಲು ಹತ್ತನೇ ಒಂದು ಪಾಲು ಜಾಗ ಇರಲಿ. ಪರವಾನಗಿ ಇಲ್ಲದೆ ಮನೆಯಲ್ಲೋ ಅಂಗಡಿಯಲ್ಲೋ ಸ್ವಂತ ಬಳಕೆಗೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್ ಮಾತ್ರ, ಅದೂ ಮಾರಾಟಕ್ಕಲ್ಲ.

ಗೇಜ್ ಸರಿಯಾದ ಮೇಲೂ ಒಂದು ಕೆಲಸ ಬಾಕಿ. 40 ಎಚ್‌ಪಿ ಫೋರ್‌ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸರಿಸುಮಾರು 15 ಲೀಟರ್ ಕುಡಿಯುತ್ತದೆ. ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಇನ್ನೊಂದು ಪಾಲು ಮುಟ್ಟದೆ ಇಡುವುದು ಬೋಟ್‌ನವರ ಹಳೇ ಲೆಕ್ಕ. ಆ ಪಾಲು ಮುಳ್ಳಿನ ಎಲ್ಲಿಗೆ ಬರುತ್ತದೆ ಎಂದು ತಿಳಿಯಲು ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿ ಮಾಡಿ, ಐದೈದು ಲೀಟರ್ ಅಳೆದು ಹಾಕುತ್ತ, ಪ್ರತಿ ಸಲ ಮುಳ್ಳು ನಿಂತ ಕಡೆ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಬೇಕು. ಮುಂದೆ ಬೋಟ್ ಬಿಡುವ ಹುಡುಗ ಹೊಸಬನಾದರೂ ಯಾವ ಗೆರೆಗೆ ಬಂದಾಗ ವಾಪಸ್ ತಿರುಗಬೇಕು ಎಂದು ಅವನಿಗೆ ತೋರಿಸಿಕೊಡಬಹುದು.