ಮೊದಲ ಗಂಟೆಗಳ ರಕ್ತ: ಹೆಪ್ಪುಗಟ್ಟುವಿಕೆಯ ವಂಶವಾಹಿ ಭೇದ ಮತ್ತು ರಕ್ತನಂಜಿನ ಫಲಿತಾಂಶ – ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಿಂದ ಒಂದು ವಿಧಾನವಿಚಾರ

ರೋಗಾಣು ಒಂದೇ, ಔಷಧ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಆದರೂ ರಕ್ತನಂಜು ತಗುಲಿದ ಇಬ್ಬರಲ್ಲಿ ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಉಳಿಯುವುದಿಲ್ಲ. ಈ ವ್ಯತ್ಯಾಸದ ಒಂದು ಪಾಲು ಹೆಪ್ಪುಗಟ್ಟುವಿಕೆಯನ್ನು ಹಿಡಿತದಲ್ಲಿಡುವ ವಂಶವಾಹಿಗಳಲ್ಲಿದೆ ಎಂಬ ವಾದ ದಶಕಗಳಿಂದ ನಡೆದುಬಂದಿದೆ. ವಾದ ಸುಳ್ಳಲ್ಲ. ಆದರೆ ಅದನ್ನು ಎತ್ತಿಹಿಡಿಯುವ ಸಾಕ್ಷ್ಯದ ಬಹುಭಾಗ ಬಂದಿರುವುದು ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಿಂದ. ಅಲ್ಲಿಗೆ ತಲುಪುವ ಮೊದಲೇ ತೀರಿಕೊಂಡವರು ಆ ಲೆಕ್ಕದಲ್ಲಿಲ್ಲ. ಹೆಪ್ಪಿನ ಅವಾಂತರ ಜೀವ ತೆಗೆಯುವುದಾದರೆ ಎಷ್ಟೋ ಸಲ ಆ ಮೊದಲ ಗಂಟೆಗಳಲ್ಲೇ ತೆಗೆಯುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸರ್ಕಾರಿ ಆಸ್ಪತ್ರೆಗಳ ಬಾಗಿಲಲ್ಲೇ ಮೊದಲ ರಕ್ತಮಾದರಿ ತೆಗೆಯದ ಹೊರತು ಈ ಸೀಮೆಯ ಜನರ ಬಗ್ಗೆ ಯಾವ ವಂಶವಾಹಿ ಅಧ್ಯಯನ ಕೊಡುವ ಉತ್ತರವನ್ನೂ ನೆಚ್ಚಲಾಗದು ಎಂಬುದು ಈ ಲೇಖನದ ಪ್ರತಿಪಾದನೆ.

ನಂಜಿನಲ್ಲಿ ಹೆಪ್ಪುಗಟ್ಟುವುದು ಬರೀ ಕೇಡಲ್ಲ. ರೋಗಾಣು ರಕ್ತಕ್ಕೆ ಸೇರಿದಾಗ ಬಿಳಿ ರಕ್ತಕಣಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಮೂಡುತ್ತದೆ, ಥ್ರಾಂಬಿನ್ ಹುಟ್ಟುತ್ತದೆ, ಫೈಬ್ರಿನ್ ಎಳೆಗಳು ರೋಗಾಣುವನ್ನು ಸಿಕ್ಕಿಹಾಕಿಕೊಳ್ಳುತ್ತವೆ. ಫ್ಯಾಕ್ಟರ್ 13 ಆ ಎಳೆಗಳನ್ನು ಬಿಗಿದು ಸ್ಟ್ರೆಪ್ಟೋಕಾಕಸ್‌ನಂಥ ರೋಗಾಣುಗಳನ್ನು ಬಲೆಯೊಳಗೇ ಕಟ್ಟಿಹಾಕುತ್ತದೆ ಎಂದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಇದೇ ಕ್ರಿಯೆ ಕೈಮೀರಿದರೆ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ಮೂತ್ರಪಿಂಡ ಸೊರಗುತ್ತದೆ, ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಖರ್ಚಾಗಿ ಕೊನೆಗೆ ರಕ್ತಸ್ರಾವ ಶುರುವಾಗುತ್ತದೆ. ಹೀಗೆ ಒಂದೇ ವಂಶವಾಹಿ ಭೇದ ಮೊದಲ ದಿನ ಕಾಯಬಹುದು, ಮೂರನೆಯ ದಿನ ಕೊಲ್ಲಬಹುದು. ಈ ವಿಷಯದ ಹಳೆಯ ಗೋಜಲುಗಳಲ್ಲಿ ಹಲವಕ್ಕೆ ಕಾರಣ, ಸಮಯವನ್ನು ಲೆಕ್ಕಕ್ಕೆ ಹಿಡಿಯದೆ ‘ಒಳ್ಳೆಯ ಜೀನ್’, ‘ಕೆಟ್ಟ ಜೀನ್’ ಎಂದು ಹೆಸರಿಟ್ಟಿದ್ದು.

ಎಲ್ಲರೂ ಉದಾಹರಿಸುವ ಪ್ರಕರಣವನ್ನೇ ನೋಡೋಣ. 1994ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದ ಸಂಶೋಧಕರು ಗುರುತಿಸಿದ ಫ್ಯಾಕ್ಟರ್ 5 ಲೈಡನ್ ಎಂಬ ಮಾರ್ಪಾಡಿನಲ್ಲಿ 506ನೆಯ ಸ್ಥಾನದ ಆರ್ಜಿನಿನ್ ಇರಬೇಕಾದಲ್ಲಿ ಗ್ಲುಟಮಿನ್ ಇರುತ್ತದೆ. ಸಕ್ರಿಯ ಪ್ರೋಟೀನ್ ಸಿ ಅದನ್ನು ಬೇಗ ತುಂಡರಿಸಲಾರದು, ಹೆಪ್ಪು ಕಟ್ಟುವ ಒಲವು ಹೆಚ್ಚುತ್ತದೆ. ಕಾಲಿನ ರಕ್ತನಾಳ ಕಟ್ಟಿಕೊಳ್ಳಲು ಕಾರಣವಾಗುವ ಈ ಭೇದ ನಂಜಿನಲ್ಲೂ ಕೇಡು ಮಾಡಬೇಕಿತ್ತು. ಆದರೆ 1,690 ರೋಗಿಗಳಲ್ಲಿ ಸಕ್ರಿಯ ಪ್ರೋಟೀನ್ ಸಿ ಔಷಧವನ್ನು ಪರೀಕ್ಷಿಸಿದ ಪ್ರೊವೆಸ್ ಪ್ರಯೋಗದಲ್ಲಿ ಇದರ ಒಂದು ಪ್ರತಿ ಇದ್ದವರಲ್ಲಿ 28 ದಿನಗಳೊಳಗಿನ ಸಾವು ಶೇ. 13.9, ಉಳಿದವರಲ್ಲಿ ಶೇ. 27.9 ಎಂದು 2003ರಲ್ಲಿ ವರದಿಯಾಯಿತು. ಇಲಿಗಳಲ್ಲೂ ಒಂದು ಪ್ರತಿ ಇದ್ದವು ಹೆಚ್ಚು ಉಳಿದವು. ಎರಡು ಪ್ರತಿ ಇದ್ದವಕ್ಕೆ ಆ ಲಾಭ ಸಿಗಲಿಲ್ಲ. ಅಲ್ಪ ಪ್ರಮಾಣದ ಥ್ರಾಂಬಿನ್ ಶರೀರದ ಸ್ವಂತ ಪ್ರೋಟೀನ್ ಸಿಯನ್ನು ಎಚ್ಚರಿಸಿ ಕಾಯುತ್ತದೆ ಎಂಬ ವಿವರಣೆ ಬಂತು. ಚೆಂದದ ವಿವರಣೆ, ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಪ್ರಯೋಗಕ್ಕೆ ಸೇರಿದವರು ಯಾರು? ಪ್ಲೇಟ್‌ಲೆಟ್ 30,000ಕ್ಕಿಂತ ಕಡಿಮೆ ಇದ್ದವರನ್ನು, ರಕ್ತಸ್ರಾವದ ಅಪಾಯ ಹೆಚ್ಚಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಅಂದರೆ ಹೆಪ್ಪು ತೀರಾ ಕೆಟ್ಟಿದ್ದವರನ್ನು ಹೊರಗಿಟ್ಟೇ ಹೆಪ್ಪಿನ ಜೀನ್ ಏನು ಮಾಡುತ್ತದೆಂದು ನೋಡಲಾಗಿತ್ತು.

ಈ ಜರಡಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ. ಹೆಪ್ಪಿನ ಒಲವು ಹೆಚ್ಚಿಸುವ ಭೇದವುಳ್ಳ 100 ಮಂದಿ, ಅದಿಲ್ಲದ 100 ಮಂದಿ ನಂಜಿಗೆ ಬಿದ್ದರೆನ್ನಿ. ದೊಡ್ಡಾಸ್ಪತ್ರೆ ಸೇರುವ ಮುಂಚೆ ಮೊದಲ ಗುಂಪಿನಲ್ಲಿ 30, ಎರಡನೆಯದರಲ್ಲಿ 15 ಮಂದಿ ಸತ್ತರು. ಆಮೇಲೆ ಆಸ್ಪತ್ರೆಯಲ್ಲಿ ಉಳಿದ 70ರಲ್ಲಿ 20, ಉಳಿದ 85ರಲ್ಲಿ 28 ಸಾವು. ಆಸ್ಪತ್ರೆಯ ದಾಖಲೆ ನೋಡಿದವರಿಗೆ ಭೇದವುಳ್ಳವರ ಸಾವು ಶೇ. 29, ಇಲ್ಲದವರದು ಶೇ. 33: ಜೀನ್ ಕಾಯುತ್ತಿದೆ! ಊರಿನಿಂದಲೇ ಎಣಿಸಿದರೆ 50 ಮತ್ತು 43: ಜೀನ್ ಕೊಲ್ಲುತ್ತಿದೆ. ಪ್ರೊವೆಸ್‌ನಲ್ಲಿ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಅಂಕಿಗಳಷ್ಟರಿಂದಲೇ ಹೀಗಾಗಿಲ್ಲವೆಂದು ಹೇಳಲೂ ಬಾರದು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಜರಡಿಯ ಕಣ್ಣು ಇನ್ನೂ ಸಣ್ಣದು. ಸಿಂಧನೂರಿನಿಂದ ರಾಯಚೂರಿನ ರಿಮ್ಸ್‌ಗೆ 80–90 ಕಿಲೋಮೀಟರ್. ಲಿಂಗಸುಗೂರು, ಮಸ್ಕಿಯ ದೂರವೂ ಹೆಚ್ಚುಕಡಿಮೆ ಅಷ್ಟೇ. ಮೇಲಾಗಿ ಎಲ್ಲರೂ ರಾಯಚೂರಿಗೇ ಹೋಗುವುದಿಲ್ಲ. ಸಿಂಧನೂರಿನವರು ಗಂಗಾವತಿ, ಬಳ್ಳಾರಿಗೂ ಲಿಂಗಸುಗೂರಿನವರು ಬಾಗಲಕೋಟೆ ಕಡೆಗೂ ಹೊರಡುತ್ತಾರೆ. ಕೈಯಲ್ಲಿ ಕಾಸು, ಪರಿಚಯ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಯಾವ ಒಂದು ದೊಡ್ಡಾಸ್ಪತ್ರೆಯ ದಾಖಲೆಯೂ ಈ ಸೀಮೆಯ ನಂಜಿನ ಪೂರ್ತಿ ಚಿತ್ರ ಕೊಡದು. ಹೆಪ್ಪಿನ ಪರೀಕ್ಷೆಯ ತೊಡಕು ಬೇರೆ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ (ಪ್ರೋಥ್ರಾಂಬಿನ್ ಟೈಮ್) ಪರೀಕ್ಷೆಗೆ ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಇರಬೇಕು. ಬಿ.ಪಿ. ಕುಸಿದ ರೋಗಿಯ ಬತ್ತಿದ ನರದಿಂದ ಗೆರೆ ಮುಟ್ಟುವಷ್ಟು ರಕ್ತ ಸಿಗದಿದ್ದರೆ ದ್ರಾವಣದ ಪಾಲು ಹೆಚ್ಚಾಗಿ ಪಿಟಿ ಸುಳ್ಳೇ ಉದ್ದವಾಗುತ್ತದೆ. ಭತ್ತದ ಗದ್ದೆಯ ಸೀಮೆಯಾದ್ದರಿಂದ ಹಾವು ಕಡಿದವರಿಗೆ ಮಾಡುವ ಇಪ್ಪತ್ತು ನಿಮಿಷದ ಪರೀಕ್ಷೆ ಇಲ್ಲಿನ ಸಿಬ್ಬಂದಿಗೆ ಗೊತ್ತು: ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ತುಸು ರಕ್ತ ಹಾಕಿ, ಅಲುಗಾಡಿಸದೆ ಇಟ್ಟು, ಇಪ್ಪತ್ತು ನಿಮಿಷಕ್ಕೆ ಒಮ್ಮೆ ವಾಲಿಸಿ ನೋಡುವುದು. ಕೊಳಕುಮಂಡಲದ ವಿಷಕ್ಕೆ ಅದು ಸಾಕು. ನಂಜಿನ ಶುರುವಿನ ಏರುಪೇರು ಅದಕ್ಕೆ ಕಾಣದು, ಏಕೆಂದರೆ ಫೈಬ್ರಿನೋಜನ್ ತೀರಾ ಬರಿದಾಗುವವರೆಗೂ ನಳಿಕೆಯಲ್ಲಿ ಹೆಪ್ಪು ಕಟ್ಟುತ್ತಲೇ ಇರುತ್ತದೆ.

ಇನ್ನು ಯಾವ ಭೇದಗಳನ್ನು ಹುಡುಕಬೇಕು? ಯುರೋಪಿನ ಪಟ್ಟಿಯನ್ನು ಹಾಗೇ ಇಲ್ಲಿಗೆ ತಂದರೆ ಪ್ರಯೋಜನವಿಲ್ಲ. ಫ್ಯಾಕ್ಟರ್ 5 ಲೈಡನ್ ಭಾರತದಲ್ಲಿ ವಿರಳ. ಪ್ರೋಥ್ರಾಂಬಿನ್ 20210 ಭೇದವಂತೂ ಇಲ್ಲವೆನ್ನುವಷ್ಟು ಕಡಿಮೆ. ಹೆಪ್ಪು ಕರಗುವುದನ್ನು ತಡೆಯುವ ಪಿಎಐ-1 ಜೀನಿನ 4ಜಿ/5ಜಿ ಭೇದ ಇಲ್ಲೂ ಸಾಮಾನ್ಯ. ಎರಡೂ ಪ್ರತಿ 4ಜಿ ಇದ್ದವರಿಗೆ ಮೆನಿಂಗೊಕಾಕಸ್ ನಂಜು ಹೆಚ್ಚು ಮಾರಕ ಎಂದು 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿ ಹೇಳಿತ್ತು. ಓ ಗುಂಪಿನ ರಕ್ತದವರಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಸುಮಾರು ಕಾಲು ಭಾಗ ಕಡಿಮೆ. ಇದು ಹೆಪ್ಪಿನ ವಂಶವಾಹಿ ಭೇದಗಳಲ್ಲಿ ತುಂಬಾ ಸಾಮಾನ್ಯವಾದದ್ದು, ರೋಗಿಯ ಚೀಟಿಯ ಮೇಲೆ ಬರೆದೇ ಇರುವಂಥದ್ದು. ಹಾಗಿದ್ದೂ ನಂಜಿನ ಅಧ್ಯಯನಗಳಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಇವೆಲ್ಲಕ್ಕಿಂತ ಈ ಸೀಮೆಗೆ ವಿಶೇಷವಾದದ್ದು ಸಂಬಂಧದೊಳಗಿನ ಮದುವೆ. ಅಕ್ಕನ ಮಗಳನ್ನು, ಸೋದರತ್ತೆ ಅಥವಾ ಸೋದರಮಾವನ ಮಕ್ಕಳನ್ನು ತಂದುಕೊಳ್ಳುವ ರೂಢಿ ಕರ್ನಾಟಕದಲ್ಲಿ ಇಂದಿಗೂ ಕಾಲು ಭಾಗದಷ್ಟು ಮದುವೆಗಳಲ್ಲಿದೆ. ನೂರಕ್ಕೆ ಒಂದರಷ್ಟು ಪ್ರಮಾಣದಲ್ಲಿರುವ ಒಂದು ದೋಷಪ್ರತಿ ಎರಡೂ ಕಡೆಯಿಂದ ಬಂದು ಕೂಡುವ ಸಂಭವ ಸಂಬಂಧವಿಲ್ಲದ ಮದುವೆಯಲ್ಲಿ ಹತ್ತು ಸಾವಿರಕ್ಕೆ ಒಂದು. ಸೋದರಮಾವನೊಂದಿಗಿನ ಮದುವೆಯಲ್ಲಿ ಹತ್ತು ಸಾವಿರಕ್ಕೆ ಹದಿಮೂರು. ಅದೇ 4ಜಿಯಂಥ ಸಾಮಾನ್ಯ ಭೇದಕ್ಕೆ ಈ ಏರಿಕೆ ಅಷ್ಟಕ್ಕಷ್ಟೇ. ಆದ್ದರಿಂದ ಇಲ್ಲಿ ಹುಡುಕಬೇಕಾದ್ದು ವಿರಳ ದೋಷಗಳ ಜೋಡಿಯನ್ನು: ಪ್ರೋಟೀನ್ ಸಿ, ಪ್ರೋಟೀನ್ ಎಸ್, ಫ್ಯಾಕ್ಟರ್ 7, 10, 13.

ಇದೇ ಮೂರು ತಾಲ್ಲೂಕುಗಳಲ್ಲಿ ಒಂದೇ ಬಗೆಯ ಜನರಿಲ್ಲ ಎಂಬುದನ್ನೂ ಮರೆಯಬಾರದು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡವರಿದ್ದಾರೆ, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳಿವೆ. ಬಂಗಾಳಿ ಹಿಂದೂಗಳಲ್ಲಿ ಸೋದರಸಂಬಂಧದ ಮದುವೆ ರೂಢಿಯಲ್ಲಿಲ್ಲ. ಇವರನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿ ಜೀನ್–ಸಾವು ಎಂದು ತಾಳೆ ಹಾಕಿದರೆ ಕಾಣುವುದು ಜೀನಿನ ಪರಿಣಾಮವೋ, ಕ್ಯಾಂಪಿನಿಂದ ಆಸ್ಪತ್ರೆಗಿರುವ ರಸ್ತೆಯ ಪರಿಣಾಮವೋ ತಿಳಿಯದು.

ಇಷ್ಟೆಲ್ಲ ಯಾಕೆ, ಪಿಟಿ, ಪ್ಲೇಟ್‌ಲೆಟ್, ಫೈಬ್ರಿನೋಜನ್ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಚಿಕಿತ್ಸೆಗೆ ಬಹುತೇಕ ಸಾಕು, ಒಪ್ಪುತ್ತೇನೆ. ಕಾರಣ ತಿಳಿಯಲು ಸಾಲದು. ನಂಜೇ ಈ ಅಂಕಿಗಳನ್ನು ಬದಲಿಸುತ್ತದೆ. ಮದ್ಯದಿಂದ ಕೆಟ್ಟ ಯಕೃತ್ತು, ಆ್ಯಂಟಿಬಯಾಟಿಕ್‌ನಿಂದ ಕುಸಿದ ವಿಟಮಿನ್ ಕೆ, ಬಸಿರು, ಎಲ್ಲವೂ ಬದಲಿಸುತ್ತವೆ. ತುಂಬು ಬಸುರಿಯ ಫೈಬ್ರಿನೋಜನ್ ಸಹಜವಾಗಿಯೇ ಲೀಟರಿಗೆ 4ರಿಂದ 6 ಗ್ರಾಂ ಇರುವುದರಿಂದ, ಆಗಷ್ಟೇ ಹೆತ್ತ ಬಾಣಂತಿಯ ನಂಜಿನಲ್ಲಿ ಅದು 2.5ಕ್ಕೆ ಇಳಿದಿದ್ದರೂ ಲ್ಯಾಬ್ ಚೀಟಿ ‘ನಾರ್ಮಲ್’ ಎನ್ನುತ್ತದೆ. ಜೀನ್ ಮಾತ್ರ ಹುಟ್ಟಿನಿಂದ ಇದ್ದಂತೆಯೇ ಇರುತ್ತದೆ. ಚಿಕಿತ್ಸೆಯಲ್ಲೂ ಅದು ಅನಿವಾರ್ಯವಾಗುವ ಸಂದರ್ಭವೊಂದಿದೆ. ಹುಟ್ಟಿ ಒಂದೆರಡು ದಿನದ ಕೂಸಿನ ಮೈಮೇಲೆ ನೇರಳೆ ಮಚ್ಚೆ ಎದ್ದು, ಗಂಟೆಗಳಲ್ಲಿ ಕಪ್ಪಾಗಿ ಹರಡಿದರೆ ಮೊದಲು ಹೊಳೆಯುವುದು ನವಜಾತ ಶಿಶುವಿನ ನಂಜು. ಪ್ರೋಟೀನ್ ಸಿ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೂ ಹೀಗೇ ಆಗುತ್ತದೆ. ಕೂಸಿನ ಪ್ರೋಟೀನ್ ಸಿ ಅಳೆದು ಇದನ್ನು ಬಿಡಿಸುವುದು ಕಷ್ಟ. ಎಳೆಗೂಸುಗಳಲ್ಲಿ ಅದು ಹೇಗೂ ಕಡಿಮೆ, ನಂಜಿನಲ್ಲಿ ಇನ್ನೂ ಕಡಿಮೆ. ತಂದೆತಾಯಿಯ ಮಟ್ಟ ಇಬ್ಬರದೂ ಅರ್ಧಕ್ಕಿದ್ದರೆ, ಅವರು ಒಳಸಂಬಂಧದವರಾಗಿದ್ದರೆ, ಗುಟ್ಟು ಬಹುಪಾಲು ಬಯಲಾದಂತೆ. ಆ ಮಗುವಿಗೆ ಆ್ಯಂಟಿಬಯಾಟಿಕ್ ಜೊತೆಗೆ 6ರಿಂದ 12 ಗಂಟೆಗೊಮ್ಮೆ ಪ್ಲಾಸ್ಮಾ ಬೇಕು. ‘ನಂಜು ತಡೆಯದೆ ಹೋಯಿತು’ ಎಂದು ಬರೆದು ಮುಚ್ಚಿದ ಕಡತಗಳಲ್ಲಿ ಇಂಥವು ಸೇರಿರಬಹುದು.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಹೆಪ್ಪು ತಡೆಯುವ ಔಷಧಗಳೇ ಸೋತಿರುವಾಗ ಹೆಪ್ಪಿನ ಜೀನಿಗೆ ಏನು ಮಹತ್ವ? ಸೋತದ್ದು ನಿಜ. 2001ರಲ್ಲಿ ಸಾವನ್ನು ಶೇ. 30.8ರಿಂದ 24.7ಕ್ಕೆ ಇಳಿಸಿದ್ದ ಸಕ್ರಿಯ ಪ್ರೋಟೀನ್ ಸಿ ಔಷಧ ಮರುಪ್ರಯೋಗದಲ್ಲಿ ನಿಲ್ಲಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಯಿಂದಲೇ ಹಿಂದೆ ಬಂತು. 2,314 ರೋಗಿಗಳ ಆಂಟಿಥ್ರಾಂಬಿನ್ ಪ್ರಯೋಗದಲ್ಲಿ ಔಷಧ ಪಡೆದವರ ಸಾವು ಶೇ. 38.9, ಪಡೆಯದವರದು 38.7. ಆದರೆ ಈ ಪ್ರಯೋಗಗಳೂ ಹೆಪ್ಪು ಕಾಯುತ್ತಿರುವವರನ್ನು, ಹೆಪ್ಪು ಕೊಲ್ಲುತ್ತಿರುವವರನ್ನು ಒಂದೇ ಸರಾಸರಿಯಲ್ಲಿ ಬೆರೆಸಿದವು. ಸರಾಸರಿ ಶೂನ್ಯ ಬಂದದ್ದಕ್ಕೆ ಎರಡು ಅರ್ಥ ಸಾಧ್ಯ: ಪರಿಣಾಮವೇ ಇಲ್ಲ, ಇಲ್ಲವೇ ಎದುರುಬದುರು ಪರಿಣಾಮಗಳು ಒಂದನ್ನೊಂದು ಅಳಿಸಿವೆ. ಯಾವುದು ಸರಿಯೆಂದು ಹೇಳಲು ಬೇಕಾದ್ದು ಜೀನ್ ಮತ್ತು ಗಂಟೆ ಎರಡೂ ದಾಖಲಾದ ಮಾಹಿತಿ.

ಆ್ಯಂಟಿಬಯಾಟಿಕ್ ವಿಳಂಬದ ಮುಂದೆ ಜೀನಿನ ಪರಿಣಾಮ ತೃಣ ಎಂಬ ಮಾತೂ ಇದೆ. ಬಿ.ಪಿ. ಕುಸಿದ ಮೇಲೆ ಸರಿಯಾದ ಆ್ಯಂಟಿಬಯಾಟಿಕ್ ತಡವಾದ ಪ್ರತಿ ಗಂಟೆಗೆ ಉಳಿವು ಸರಾಸರಿ ಶೇ. 7.6ರಷ್ಟು ಕುಗ್ಗಿತೆಂದು 2006ರ ಅಧ್ಯಯನವೊಂದು ತೋರಿಸಿತ್ತು; ಯಾವ ಜೀನಿಗೂ ಅಷ್ಟು ಕಸುವಿಲ್ಲ ಎನ್ನುತ್ತಾರೆ. ಆದರೆ ವಿಳಂಬ ಹೆಚ್ಚಿದಷ್ಟೂ ಹೆಪ್ಪಿನ ಕ್ರಿಯೆ ಲಗಾಮಿಲ್ಲದೆ ನಡೆಯುವ ಅವಧಿಯೂ ಹೆಚ್ಚುತ್ತದೆ. ಬೇಗ ಔಷಧ ಸಿಗುವ ಕೋಪನ್‌ಹೇಗನ್‌ನಲ್ಲಿ ಮರೆಯಾಗಿಯೇ ಉಳಿಯುವ ಭೇದ ಮಸ್ಕಿಯಲ್ಲಿ ಎದ್ದು ಕಾಣಬಹುದು. ಇದು ಊಹೆ, ಪರೀಕ್ಷಿಸಬಹುದಾದ ಊಹೆ.

ಪರೀಕ್ಷೆಗೆ ಬೇಕಾದ ಸಲಕರಣೆಯೂ ದೊಡ್ಡದಲ್ಲ. ಸೂಜಿ ಹಾಕುವಾಗಲೇ ಕಾಗದದ ಕಾರ್ಡಿನ ಮೇಲೆ ಒಣಗಿಸಿದ ಕೆಲವು ಹನಿ ರಕ್ತ ವಂಶವಾಹಿ ಓದಲು ಸಾಕು, ಶೀತಲ ಪೆಟ್ಟಿಗೆ ಬೇಡ. ಜೊತೆಗೆ ಜ್ವರ ಬಂದ ದಿನ, ಮೊದಲ ಆ್ಯಂಟಿಬಯಾಟಿಕ್ ಕೊಟ್ಟ ಗಂಟೆ, ತಂದೆತಾಯಿಯ ಸಂಬಂಧ, ಮನೆಮಾತು, ಮಗುವಾಗಿದ್ದಾಗ ಹೊಕ್ಕುಳಿಂದ ರಕ್ತ ಸೋರಿತ್ತೇ ಎಂಬ ಪ್ರಶ್ನೆ – ಫ್ಯಾಕ್ಟರ್ 13ರ ಕೊರತೆ ಮೊದಲು ಸುಳಿವು ಕೊಡುವುದು ಅಲ್ಲೇ. ಒಪ್ಪಿಗೆಯ ವಿಷಯ ಮಾತ್ರ ನಾಜೂಕು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ತುರ್ತು ಸಂದರ್ಭದ ಸಂಶೋಧನೆಗೂ ಒಪ್ಪಿಗೆಯ ದಾರಿ ಹೇಳುತ್ತದೆ. ಆದರೆ ಸಣ್ಣ ಕ್ಯಾಂಪಿನಲ್ಲಿ ಹೆಸರು ಅಳಿಸಿದರೂ ಯಾವ ಮನೆಯೆಂದು ಗೊತ್ತಾಗುತ್ತದೆ. ಒಳಮದುವೆಯ ಮೇಲೆ ಹೊರಿಸಿದ ದೂಷಣೆ ಆ ಮನೆಯ ಹೆಣ್ಣುಮಕ್ಕಳ ಮದುವೆಗೇ ಅಡ್ಡಿಯಾಗುತ್ತದೆ. ಕ್ಯಾಂಪಿನ, ಓಣಿಯ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಬರಕೂಡದು. ಆಂಬುಲೆನ್ಸ್ ಹತ್ತಿಸುವ ಮುಂಚೆ ತೀರಿಕೊಂಡವರ, ಬೇರೆ ಊರಿಗೆ ಕರೆದೊಯ್ದವರ, ಕೈಚೆಲ್ಲಿ ಮನೆಗೆ ಮರಳಿದವರ ಕಾರ್ಡುಗಳೂ, ಮನೆಯವರು ಒಪ್ಪಿದರೆ, ಅದೇ ಪಟ್ಟಿಯಲ್ಲಿ ಉಳಿಯಬೇಕು. ಮನೆಗೆ ಮರಳಿದವರು 28ನೆಯ ದಿನ ಹೇಗಿದ್ದಾರೆಂದು ಆ ಊರಿನ ಆಶಾ ಕಾರ್ಯಕರ್ತೆಯಿಂದ ತಿಳಿದು ಬರೆದುಕೊಳ್ಳಬಹುದು.